ಹೆಣ ಹೊತ್ತು ಕುಣಿಯುತ್ತಾರಂತೆ, ಹೌದೇ?

ನಾನು ಘಾನಾದ ಕುಮಾಸಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದವನೆಂದು ತಿಳಿದರೆ ಸಾಕು, ಮದುವೆ ಮನೆಯಾಗಲಿ ಬಸ್ಸಾಗಲಿ, ಇದೊಂದೇ ಪ್ರಶ್ನೆ. ಕೇಳುವವರ ಮುಖದಲ್ಲಿ ನಗು ಆಗಲೇ ಸಿದ್ಧವಾಗಿರುತ್ತದೆ. ನನಗೆ ಸಹಿಸಲಾಗದ್ದು ಆ ನಗು.

2020ರಲ್ಲಿ ಎಲ್ಲರ ಮೊಬೈಲಿಗೂ ಬಂದ ಆ ವಿಡಿಯೊದಲ್ಲಿ ಶವಪೆಟ್ಟಿಗೆ ಹೊತ್ತು ಹೆಜ್ಜೆ ಹಾಕಿದವರು ಅದನ್ನೇ ವೃತ್ತಿಯಾಗಿಸಿಕೊಂಡವರು. ಹಿನ್ನೆಲೆಯ ಸಂಗೀತ ಬೇರೆ ಯಾರೋ ಆಮೇಲೆ ಸೇರಿಸಿದ್ದು. ಕುಮಾಸಿ ಕಡೆಯ ಅಕಾನ್ ಜನರ ಸಾವಿನ ಮನೆಯ ಅಡೋವಾ ಕುಣಿತವೇ ಬೇರೆ. ತಮಟೆಯಿಲ್ಲದೆ ಹೆಣ ಎತ್ತದ ನಮ್ಮ ಊರುಗಳವರೂ ಬೆರಗಾದಂತೆ ಕೇಳುತ್ತಾರಲ್ಲ, ಆಗ ಸಿಟ್ಟು ಬರುತ್ತದೆ.

ನಮ್ಮ ಮನೆಯೊಡತಿಯ ತಾಯಿ ತೀರಿಕೊಂಡಿದ್ದರು. ಶನಿವಾರ ಅಂಗಳದ ತುಂಬ ಕಪ್ಪು, ಕೆಂಪು ಬಟ್ಟೆಯುಟ್ಟ ಜನ. ದಾವುರೊ ಎಂಬ ಕಬ್ಬಿಣದ ಗಂಟೆ ಲಯ ಹಿಡಿಯಿತು, ಡೊನ್ನೊ ಎಂಬ ನಡು ಸಣ್ಣಗಿನ ಚರ್ಮವಾದ್ಯ ಜೊತೆಗೂಡಿತು. ವಾರವಿಡೀ ಒಂದು ಹನಿ ಕಣ್ಣೀರು ಹಾಕದಿದ್ದ ಆಕೆ ಎದ್ದು, ಎರಡೂ ಕೈಗಳನ್ನು ತಲೆಯ ಮೇಲಿಟ್ಟು, ಮೆಲ್ಲಗೆ ಹೆಜ್ಜೆಯಿಟ್ಟರು. ನನ್ನ ಪಕ್ಕದ ಹಿರಿಯರೊಬ್ಬರು, "ನೋಡಪ್ಪಾ, ಈಗ ಅಳುತ್ತಿದ್ದಾಳೆ" ಎಂದರು.

ಕುಣಿಯುತ್ತಾರೆಯೇ ಎಂದು ಕೇಳುವ ಬದಲು, ಆ ವಾದ್ಯಗಳು ಏನು ಹೇಳುತ್ತವೆ ಎಂದು ಒಬ್ಬರಾದರೂ ಕೇಳಬಾರದೇ? ಅವು ನಿಜವಾಗಿಯೂ ಮಾತನಾಡುತ್ತವೆ. ಅಕಾನರ ಟ್ವಿ ಭಾಷೆಯಲ್ಲಿ ದನಿಯ ಏರಿಳಿತದಿಂದ ಅರ್ಥ ಬದಲಾಗುತ್ತದೆ. 'ಪಪ' ಎಂಬುದನ್ನು ಪೂರ್ತಿ ಏರುದನಿಯಲ್ಲಿ ಅಂದರೆ ಒಳ್ಳೆಯದು; ತಗ್ಗಿನಿಂದ ಏರಿದರೆ ತಂದೆ; ಎರಡೂ ತಗ್ಗಿದರೆ ಬೀಸಣಿಗೆ. ಅತುಂಪಾನ್ ಎಂಬ ಜೋಡಿ ನಗಾರಿಗಳಲ್ಲಿ ಒಂದು ಏರುದನಿಯದು, ಇನ್ನೊಂದು ತಗ್ಗುದನಿಯದು. ಬರೀ ದನಿಯಿಂದ ಬಿಡಿ ಪದ ಗುರುತು ಸಿಗದ ಕಾರಣ ವಾದಕ ಎಲ್ಲರಿಗೂ ಗೊತ್ತಿರುವ ಬಿರುದುಗಳನ್ನು, ಗಾದೆಗಳನ್ನು, ಅರಸರ ವಂಶದ ಕಥೆಯನ್ನು ನುಡಿಸುತ್ತಾನೆ. ಕುಮಾಸಿಯ ಮನ್ಹಿಯಾ ಅರಮನೆಯಲ್ಲಿ 42 ದಿನಗಳಿಗೊಮ್ಮೆ ಬರುವ ಅಕ್ವಾಸಿಡೇ ಹಬ್ಬದಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಪರಂಪರೆಯಂತೆ ನುಡಿಸುವ ಆರಂಭದ ನುಡಿಯಲ್ಲಿ ವಾದಕ ಮೊದಲು ಕರೆಯುವುದು ವಾದ್ಯದ ಒಡಲಾದ ಟ್ವೆನೆಬೊವಾ ಮರವನ್ನು, ಚರ್ಮ ಕೊಟ್ಟ ಆನೆಯನ್ನು. ಪ್ರತಿ ಕರೆಯ ಕೊನೆಗೂ ಅದೇ ಬಿನ್ನಹ: "ನಾನು ಕಲಿಯುತ್ತಿದ್ದೇನೆ, ನನಗೆ ದಕ್ಕಲಿ."

ಇದನ್ನು ಕೇಳಿ. ರಾತ್ರಿಯಿಡೀ ಕೂತು ಹೇಳುತ್ತೇನೆ.