181 ಅಡಿ ಮೆಷಿನ್ನು ಹಾಲ್‌ನ ಶೋಕೇಸಿಗೆ ಬರುತ್ತಿದೆ

ಮೊದಲ ವಾರ

ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷದಿಂದ ಎಸ್‌ಪಿಎಂ ಡಿಸೈನ್ ಮಾಡುತ್ತಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಎಸ್‌ಪಿಎಂ ಅಂದರೆ ಒಂದೇ ಕೆಲಸಕ್ಕೆಂದು ಹುಟ್ಟಿದ ಮೆಷಿನ್ನು. ಒಂದು ಕೇಸಿಂಗಿಗೆ ಹನ್ನೆರಡು ತೂತು ಬೇಕು ಅಂದರೆ ಹನ್ನೆರಡು ಸ್ಪಿಂಡಲ್ಲೂ, ಅಂದರೆ ಡ್ರಿಲ್ ಹಿಡಿದು ತಿರುಗುವ ದಂಡಗಳು, ಒಟ್ಟಿಗೆ ಇಳಿಯುತ್ತವೆ. ಅದು ಬಿಟ್ಟು ಅದಕ್ಕೆ ಬೇರೇನೂ ಬರುವುದಿಲ್ಲ. ಇಂಥವನ್ನು ಸಾಲಾಗಿ ನಿಲ್ಲಿಸಿ, ಜಾಬ್ (ಕೊರೆಯಬೇಕಾದ ಪಾರ್ಟು) ಒಂದರಿಂದ ಇನ್ನೊಂದಕ್ಕೆ ದಾಟುವಂತೆ ಮಾಡಿದರೆ ಅದೇ ಟ್ರಾನ್ಸ್‌ಫರ್ ಲೈನ್.

ಈ ಲೈನಿನ ಅಜ್ಜ ಯಾರು ಅಂತ ಹುಡುಕುತ್ತಾ ಹೋದೆ. ಡೆಟ್ರಾಯಿಟ್ ಅಂದುಕೊಂಡಿದ್ದೆ. ಸಿಕ್ಕಿದ್ದು ಇಂಗ್ಲೆಂಡಿನ ಕೋವೆಂಟ್ರಿ, ಗಾಸ್‌ಫರ್ಡ್ ಸ್ಟ್ರೀಟ್. ಅಲ್ಲಿನ ಮಾರಿಸ್ ಎಂಜಿನ್ಸ್ ಕಾರ್ಖಾನೆಯಲ್ಲಿ 1924ರ ಹೊತ್ತಿಗೇ ಸಿಲಿಂಡರ್ ಬ್ಲಾಕಿಗೆ, ಅಂದರೆ ಕಾರಿನ ಎಂಜಿನ್ನಿನ ಮುಖ್ಯ ಎರಕದ ಒಡಲಿಗೆ, ಒಂದು ಮೆಷಿನ್ ನಿಂತಿತ್ತು. ಉದ್ದ 181 ಅಡಿ. ಅದರಲ್ಲಿ 53 ಆಪರೇಷನ್. ನಾಲ್ಕು ನಿಮಿಷಕ್ಕೊಂದು ಬ್ಲಾಕ್ ಹೊರಗೆ. ನೂರು ವರ್ಷದ ಹಿಂದೆ!

ಇದರ ಮಾಡೆಲ್ ಮಾಡಲೇಬೇಕು ಅನ್ನಿಸಿತು. ಮೊದಲು 1:48 ಅಳತೆ, ಅಂದರೆ ನಿಜದ 48ರಲ್ಲಿ ಒಂದು ಪಾಲು, ಅಂದುಕೊಂಡೆ. ಲೆಕ್ಕ ಹಾಕಿದರೆ ನಲವತ್ತೈದು ಇಂಚು. ಹಾಲ್‌ನ ಶೋಕೇಸಿನ ಅಗಲ ಮೂರೇ ಅಡಿ. ಅಲ್ಲಿರುವ ಗೊಂಬೆಗಳನ್ನು ಬೇಕಾದರೆ ಎತ್ತಿಡುತ್ತೇನೆ, ಶೋಕೇಸ್ ಒಡೆಯುವ ಹಾಗಿಲ್ಲ ಅಂತ ಮನೆಯವಳು ಮೊದಲೇ ಹೇಳಿಬಿಟ್ಟಳು. ಹಾಗಾಗಿ 1:72. ಮೂವತ್ತು ಇಂಚಿಗೆ ಬಂತು. ಕಟ್ಟಡ ಮಾಡುವುದಿಲ್ಲ, ಮೆಷಿನ್ ಮಾತ್ರ.

ಎರಡನೇ ವಾರ

ಕಟಿಂಗ್‌ಗೆ ಕೊಡುವ ಮುಂಚೆ ಕಾರ್ಖಾನೆಯ ಕಥೆ ಓದುತ್ತಾ ಕೂತೆ. ಅದರಲ್ಲೇ ವಾರ ಕಳೆಯಿತು.

ಈ ಕಾರ್ಖಾನೆ ಶುರುವಾಗಿದ್ದು ಕಾರಿಗಾಗಿ ಅಲ್ಲ, ಮೆಷಿನ್‌ಗನ್ನಿಗಾಗಿ. ಹಾಚ್‌ಕಿಸ್ ಅನ್ನುವುದು ಫ್ರಾನ್ಸಿನ ಬಂದೂಕಿನ ಕಂಪನಿ. ಮೊದಲ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸ್ಸಿಗೇ ಬಂದುಬಿಟ್ಟರೆ ಅನ್ನುವ ಭಯಕ್ಕೆ ಕೋವೆಂಟ್ರಿಯಲ್ಲಿ ಇನ್ನೊಂದು ಕಾರ್ಖಾನೆ ಹಾಕಿತು. ಯುದ್ಧ ಮುಗಿಯಿತು. ಮೆಷಿನ್ನುಗಳಿವೆ, ಕೈಕೆಲಸ ಗೊತ್ತಿರುವ ಜನ ಇದ್ದಾರೆ, ಆರ್ಡರ್ ಇಲ್ಲ. ಪೀಣ್ಯದಲ್ಲಿ ಈ ಸ್ಥಿತಿ ನಾವು ಎಷ್ಟು ಸಲ ನೋಡಿಲ್ಲ, ಅಲ್ವಾ?

ಅತ್ತ ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್‌ಗೆ ಉಲ್ಟಾ ತೊಂದರೆ. ಅವನ ಕೌಲಿ ಕಾರಿಗೆ ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಎಂಜಿನ್ ಬರುತ್ತಿತ್ತು, ಅದು ನಿಂತುಹೋಯಿತು. ಕಾರಿಗೆ ಗಿರಾಕಿ ಇದ್ದಾರೆ, ಎಂಜಿನ್ ಇಲ್ಲ. ಹಾಚ್‌ಕಿಸ್‌ನವರು ಅದೇ ಎಂಜಿನ್ನಿನ ನಕಲು ಮಾಡಿಕೊಡಲು ಒಪ್ಪಿದರು.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಇಲ್ಲಿ ಬರುವ ಒಂದು ಬೋಲ್ಟು. ಹಾಚ್‌ಕಿಸ್ ಫ್ರೆಂಚ್ ಕಂಪನಿ. ಥ್ರೆಡ್ ಕೊರೆಯುವ ಅವರ ಟ್ಯಾಪು, ಡೈ ಎಲ್ಲ ಮೆಟ್ರಿಕ್. ಆದರೆ ಇಂಗ್ಲೆಂಡಿನ ಗ್ಯಾರೇಜುಗಳಲ್ಲಿ ಇದ್ದದ್ದು ವಿಟ್‌ವರ್ತ್ (ಇಂಚಿನ ಲೆಕ್ಕದ ಇಂಗ್ಲಿಷ್ ಅಳತೆ) ಸ್ಪ್ಯಾನರ್. ಟೂಲಿಂಗ್ ಪೂರ್ತಿ ಬದಲಾಯಿಸಿದರೆ ಕೈಯಲ್ಲಿರುವ ದುಡ್ಡು ಹೋಗುತ್ತೆ. ಅದಕ್ಕೆ ಅವರು ಏನು ಮಾಡಿದರು ಗೊತ್ತಾ? ಥ್ರೆಡ್ ಮೆಟ್ರಿಕ್, ತಲೆ ವಿಟ್‌ವರ್ತ್! ಮೇಲಿಂದ ನೋಡಿದರೆ ಇಂಗ್ಲಿಷ್ ಬೋಲ್ಟು, ಸ್ಪ್ಯಾನರ್ ಸರಿಯಾಗಿ ಕೂರುತ್ತೆ. ಬಿಚ್ಚಿ ಬೇರೆ ನಟ್ಟು ಹಾಕಲು ಹೋದರೆ ಯಾವುದೂ ಹತ್ತುವುದಿಲ್ಲ. ಮಾರಿಸ್ ಕೈಗೆ ಕಾರ್ಖಾನೆ ಬಂದ ಮೇಲೂ ಈ ಪದ್ಧತಿ ಬಿಡಲಿಲ್ಲ. 1950ರ ದಶಕದ ಎಂಜಿ ಸ್ಪೋರ್ಟ್ಸ್ ಕಾರುಗಳ ಎಂಜಿನ್ನಿನಲ್ಲೂ ಇದೇ ಎರಡು ಜಾತಿಯ ಬೋಲ್ಟು.

ನಮ್ಮ ಕಡೆಗೂ ಇದರ ಗಾಳಿ ಬೀಸಿದೆ. ಆಂಬ್ಯಾಸಿಡರಿಗೂ ಮುಂಚೆ ಹಿಂದೂಸ್ತಾನ್ ಮೋಟಾರ್ಸ್‌ನವರು ತಂದ ಹಿಂದೂಸ್ತಾನ್ 10 ಕಾರು ಮಾರಿಸ್ 10ರದ್ದೇ ರೂಪ. ಆ ಮಾರಿಸ್ 10ರ ಎಂಜಿನ್ ಮತ್ತು ಎಂಜಿ ಎಂಜಿನ್ ಒಂದೇ ಮನೆತನದವು. ಹಳೇ ಹಿಂದೂಸ್ತಾನ್ 10 ಬಿಚ್ಚುವವರು ಯಾರಾದರೂ ಇದ್ದರೆ, ಒಂದು ಬೋಲ್ಟನ್ನೂ ಎಸೆಯಬೇಡಿ.

ಮಾಡೆಲಿನ ಪ್ರಗತಿ: ಸೊನ್ನೆ.

ಮೂರು, ನಾಲ್ಕನೇ ವಾರ

ಬೆಡ್ ಮತ್ತು ಕಾಲಂಗಳಿಗೆ 3 ಎಂಎಂ ಎಂಡಿಎಫ್ ಲೇಸರ್ ಕಟಿಂಗ್ ಮಾಡಿಸಿದೆ. ಸ್ಲಾಟ್ ಎಲ್ಲ 3.0 ಅಂತ ಡ್ರಾಯಿಂಗ್ ಕೊಟ್ಟೆ. ಮನೆಗೆ ತಂದು ಜೋಡಿಸಿದರೆ ಎಲ್ಲ ಕಾಲಂಗಳೂ ಹಲ್ಲು ಅಲ್ಲಾಡುವಂತೆ ಅಲ್ಲಾಡುತ್ತವೆ. ವರ್ನಿಯರ್ ಹಾಕಿ ನೋಡಿದೆ, ಶೀಟು 2.7. ಆಫೀಸಿನಲ್ಲಿ ಹೊಸ ಹುಡುಗರು ಅಳತೆ ನೋಡದೆ ಡ್ರಾಯಿಂಗ್ ಮಾಡಿದರೆ ಬೈಯುವವನು ನಾನೇ. ಸ್ಲಾಟುಗಳಿಗೆ ವಿಸಿಟಿಂಗ್ ಕಾರ್ಡ್ ತುಂಡು ತುರುಕಿ ಫೆವಿಕಾಲ್ ಹಾಕಿದೆ. ಈ ಗುಟ್ಟು ಇಲ್ಲೇ ಇರಲಿ.

ಆಮೇಲೆ ಬ್ಲಾಕುಗಳು. ಹಾಚ್‌ಕಿಸ್‌ನವರು ನಕಲು ಮಾಡಿದ ಆ ಎಂಜಿನ್ನಿನ ಬೋರ್ (ಸಿಲಿಂಡರಿನ ತೂತಿನ ಅಗಲ) 69.5 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 102, ನಾಲ್ಕು ಸಿಲಿಂಡರ್ ಸೇರಿ 1548 ಸಿಸಿ. 69.5ನ್ನು 72ರಿಂದ ಭಾಗಿಸಿದರೆ 0.97. ಅಂದರೆ ಪಿಸಿಬಿಗೆ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿಗೆ) ಬಳಸುವ 1 ಎಂಎಂ ಡ್ರಿಲ್ ಬಿಟ್ ಸಾಕು! ಎಸ್.ಪಿ. ರೋಡಿನಿಂದ ಹತ್ತು ತಂದೆ. ಮೊದಲು ರಬ್ಬರಿನಲ್ಲಿ ನೋಡಿದೆ, ಹರಿಯಿತು. ಆಮೇಲೆ ಅಕ್ರಿಲಿಕ್ ಪಟ್ಟಿ. ಆರು ಎಂಎಂ ಉದ್ದದ ತುಂಡಿನಲ್ಲಿ ಸಾಲಾಗಿ ನಾಲ್ಕು ತೂತು. ಜೋರಾಗಿ ಒತ್ತಿದರೆ ಅಕ್ರಿಲಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತೆ. ಸ್ವಲ್ಪ ಇಳಿಸು, ಎತ್ತು, ಊದು, ಮತ್ತೆ ಇಳಿಸು. ಒಂದು ಬ್ಲಾಕಿಗೆ ಹತ್ತಿರ ಹತ್ತಿರ ಹನ್ನೊಂದು ನಿಮಿಷ ಹಿಡಿಯಿತು. ಅವರಿಗೆ ನಿಜವಾದ ಎರಕದ ಬ್ಲಾಕಿಗೆ ನಾಲ್ಕು ನಿಮಿಷ, ನನಗೆ ಪ್ಲಾಸ್ಟಿಕ್ಕಿಗೆ ಹನ್ನೊಂದು.

ಐದನೇ ವಾರ

ನನ್ನ ಹೀರೋ ಮಾರಿಸ್ ಅಲ್ಲ, ಫ್ರಾಂಕ್ ವುಲರ್ಡ್. 1923ರಲ್ಲಿ, ಎಂಜಿನ್ ಜಾಸ್ತಿ ಮಾಡಿಕೊಡಿ ಅಂದರೆ ಹಾಚ್‌ಕಿಸ್‌ನವರು ಒಪ್ಪಲಿಲ್ಲ. ಮಾರಿಸ್ ಕಾರ್ಖಾನೆಯನ್ನೇ ಕೊಂಡುಕೊಂಡು ವುಲರ್ಡ್‌ನನ್ನು ಜನರಲ್ ಮ್ಯಾನೇಜರ್ ಮಾಡಿದ. ಆಗ ವಾರಕ್ಕೆ ಮುನ್ನೂರು ಎಂಜಿನ್ ಕೂಡ ಬರುತ್ತಿರಲಿಲ್ಲ. 1924ರ ಕೊನೆಗೆ ವಾರಕ್ಕೆ 1200. ನನ್ನ ಲೆಕ್ಕ: ನಾಲ್ಕು ನಿಮಿಷದ ಹಾಗೆ 1200 ಅಂದರೆ 4800 ನಿಮಿಷ, 80 ಗಂಟೆ. ಒಂದು ಶಿಫ್ಟಿನಲ್ಲಿ ಆಗುವ ಮಾತಲ್ಲ.

ಬಿಡದಿಯ ಕಾರು ಕಂಪನಿಗೆ ಪಾರ್ಟ್ಸ್ ಕೊಡುವವರೆಲ್ಲ ಇವತ್ತು ಟ್ಯಾಕ್ಟ್ ಟೈಮ್ (ಒಂದೊಂದು ಪೀಸಿಗೆ ಗೊತ್ತುಮಾಡಿದ ಹೊತ್ತು), ಕೈಜೆನ್ (ದಿನದಿನದ ಸಣ್ಣ ಸುಧಾರಣೆ) ಅಂತ ಜಪ ಮಾಡುತ್ತಾರೆ. ಪ್ರತಿ ಸ್ಟೇಷನ್ನಿಗೂ ಒಂದೇ ಹೊತ್ತು, ಮಧ್ಯೆ ಮಾಲು ರಾಶಿ ಬೀಳಬಾರದು ಅನ್ನುವುದನ್ನು ಈ ಮನುಷ್ಯ ಆಗಲೇ ಮಾಡಿ ತೋರಿಸಿದ್ದ.

ನನಗೆ ಒಂದು ಕಷ್ಟವನ್ನೂ ತಪ್ಪಿಸಿದ. ಬ್ಲಾಕುಗಳು ತಾವೇ ಮುಂದೆ ಹೋಗಲಿ ಅಂತ ಗೇರ್ ಮೋಟಾರು, ಮೈಕ್ರೋ ಸ್ವಿಚ್ಚು ಎಲ್ಲ ತಂದಿಟ್ಟಿದ್ದೆ. ಓದಿದರೆ, ಆ ಬ್ಲಾಕ್ ಮೆಷಿನ್ನಿನಲ್ಲಿ ಜಾಬನ್ನು ಮುಂದಿನ ಸ್ಟೇಷನ್ನಿಗೆ ಸರಿಸುತ್ತಿದ್ದದ್ದು ಜನ, ಕೈಯಲ್ಲಿ! ತಾನೇ ಸರಿಸಿಕೊಳ್ಳುವ ಮೆಷಿನ್ನುಗಳನ್ನು ಆಮೇಲೆ ಗೇರ್‌ಬಾಕ್ಸ್ ಕೇಸಿಂಗಿಗೂ ಫ್ಲೈವೀಲಿಗೂ ಮಾಡಿದರು. ಅವು ಕೈಕೊಟ್ಟವು. ಯೋಚನೆ ಸರಿ ಇತ್ತು, ಅದನ್ನು ನಡೆಸುವ ವಿದ್ಯುತ್ತು, ಗಾಳಿ, ಆಯಿಲ್ಲಿನ ಕಂಟ್ರೋಲುಗಳು ಆ ಕಾಲಕ್ಕೆ ನೆಚ್ಚುವಂತಿರಲಿಲ್ಲ. ಕೊನೆಗೆ ಬಿಡಿಬಿಡಿ ಮೆಷಿನ್ನುಗಳಾಗಿ ಒಡೆದು ಬಳಸಿದರು. ನಾನು ಓದಿ ನಕ್ಕೆ. ಹೋದ ತಿಂಗಳು ತಾನೇ ಕೊರೆದಾಗ ಹಾರಿದ ಒಂದು ಲೋಹದ ಚೂರು ಸೆನ್ಸಾರ್ ಮೇಲೆ ಕೂತು ನಮ್ಮ ಲೈನು ಅರ್ಧ ಶಿಫ್ಟು ನಿಂತಿತ್ತು. ಕೊನೆಗೆ ಆಪರೇಟರ್ ಹುಡುಗ ಜಾಬನ್ನು ಕೈಯಲ್ಲೇ ಎತ್ತಿ ಎತ್ತಿ ಇಟ್ಟ.

ಮೋಟಾರನ್ನು ಡಬ್ಬಕ್ಕೆ ವಾಪಸ್ ಹಾಕಿದ್ದೇನೆ. ಬದಲಿಗೆ ಬ್ಲಾಕ್ ತಳ್ಳುವ ಜನರ ಗೊಂಬೆ ಬೇಕು. 1:72ರಲ್ಲಿ ಒಬ್ಬೊಬ್ಬರೂ ಒಂದು ಇಂಚಿಗಿಂತ ಸ್ವಲ್ಪ ಕಮ್ಮಿ. ಸಿಗುವುದೆಲ್ಲ ಸೈನಿಕರ ಗೊಂಬೆಗಳೇ. ಕೋವಿ ಕತ್ತರಿಸಿ ತೆಗೆದು, ತಲೆಗೆ ಎಂ-ಸೀಲಿನಲ್ಲಿ ಟೋಪಿ ಮಾಡುತ್ತಿದ್ದೇನೆ. ಮೆಷಿನ್‌ಗನ್ ಕಾರ್ಖಾನೆಗೆ ಅದೇನೂ ತಪ್ಪಲ್ಲ ಬಿಡಿ.

ಗಾಸ್‌ಫರ್ಡ್ ಸ್ಟ್ರೀಟಿನ ಕಟ್ಟಡ ಈಗಲೂ ಇದೆ, ಕೋವೆಂಟ್ರಿ ಯೂನಿವರ್ಸಿಟಿಯ ಕೈಯಲ್ಲಿ. ಹೆಸರು ವಿಲಿಯಂ ಮಾರಿಸ್ ಬಿಲ್ಡಿಂಗ್. ವುಲರ್ಡ್ ಹೆಸರಿದ್ದಿದ್ದರೆ ನನಗೆ ಇನ್ನೂ ಖುಷಿಯಾಗುತ್ತಿತ್ತು.

ಇವತ್ತಿಗೆ ಲೆಕ್ಕ: 53ರಲ್ಲಿ 31 ಸ್ಟೇಷನ್ ನಿಂತಿವೆ, ಗ್ರೇ ಪ್ರೈಮರ್ ಆಗಿದೆ. ಬ್ಲಾಕ್ 40. ಮುರಿದ ಡ್ರಿಲ್ ಬಿಟ್‌ಗಳು ಆರು. ಟ್ಯಾಪಿಂಗ್ ಸ್ಟೇಷನ್ನುಗಳ ಸ್ಪಿಂಡಲ್‌ಗೆ ಗುಂಡುಸೂಜಿ ಸಾಕಾ, ಹೊಲಿಗೆ ಸೂಜಿ ಬೇಕಾ ಅಂತ ಇನ್ನೂ ತೀರ್ಮಾನವಾಗಿಲ್ಲ. ಭಾನುವಾರ ಎರಡನ್ನೂ ಹಾಕಿ ನೋಡುತ್ತೇನೆ.