ಕಣ್ಣಾರೆ ಕಂಡ ಹಕ್ಕಿಗೂ ಸಾಕ್ಷಿ ಬೇಕೇ?

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಹಕ್ಕಿ ನೋಡುವವರು ಇ-ಬರ್ಡ್ ಎಂಬ ಅಂತರ್ಜಾಲದ ಹಕ್ಕಿ-ದಾಖಲೆಗಳ ಸಂಗ್ರಹಕ್ಕೆ ಸೇರಿಸುವ ಅಪರೂಪದ ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಹಾಗಾಗಿ ಒಂದೇ ಪ್ರಶ್ನೆ, ಕೆಲವೊಮ್ಮೆ ನಗುತ್ತ, ಹೆಚ್ಚಿನ ಸಲ ಮುನಿಸಿನಿಂದ, ನನ್ನೆದುರು ಬರುತ್ತದೆ: "ಕಣ್ಣಾರೆ ಕಂಡದ್ದನ್ನೇ ಬರೆದಿದ್ದೇನೆ ಸರ್, ಅದಕ್ಕೂ ಸಾಕ್ಷಿ ಕೊಡಬೇಕೇ?"

ಕೊಡಬೇಕು. ನಿಮ್ಮ ಕಣ್ಣಿನ ಮೇಲೆ ನನಗೆ ಪೂರ್ಣ ನಂಬಿಕೆಯಿದ್ದರೂ, ಇಪ್ಪತ್ತು ವರ್ಷಗಳ ನಂತರ ಆ ದಾಖಲೆಯನ್ನು ತೆರೆಯುವವರಿಗೆ ನಿಮ್ಮ ಪರಿಚಯವೂ ಇರುವುದಿಲ್ಲ, ನನ್ನ ಪರಿಚಯವೂ ಇರುವುದಿಲ್ಲ. ಅವರಿಗೆ ಸಿಗುವುದು ನೀವು ಬರೆದಿಟ್ಟ ನಾಲ್ಕು ಸಾಲು ಮತ್ತು ಚಿತ್ರವಿದ್ದರೆ ಚಿತ್ರ, ಅಷ್ಟೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಂಥ ಕಡೆ ಯಾವ ಹಕ್ಕಿ ಯಾವ ತಿಂಗಳು ಎಷ್ಟಿತ್ತು ಎಂಬ ಲೆಕ್ಕ ನಾಳೆ ವಾದಕ್ಕೆ ನಿಲ್ಲಬೇಕಾದಾಗ, ಒಂದು ತಪ್ಪು ದಾಖಲೆ ಸಿಕ್ಕಿಬಿದ್ದರೆ ಉಳಿದ ನೂರು ಸರಿಯಾದವುಗಳನ್ನೂ ಎದುರಿನವರು ಸಲೀಸಾಗಿ ತಳ್ಳಿಹಾಕುತ್ತಾರೆ.

ಮೊದಲ ಪ್ರಶ್ನೆಯನ್ನು ಕೇಳುವುದು ಯಂತ್ರ. ಪ್ರತಿ ಪ್ರದೇಶಕ್ಕೆ, ಪ್ರತಿ ತಿಂಗಳಿಗೆ, ಪ್ರತಿ ಜಾತಿಗೆ ಒಂದು ಮಿತಿ ಇರುತ್ತದೆ. ಅದನ್ನು ಮೀರಿದ ಸಂಖ್ಯೆಯನ್ನೋ ಆ ಕಾಲಕ್ಕೆ ನಿರೀಕ್ಷೆಯಿಲ್ಲದ ಹಕ್ಕಿಯನ್ನೋ ಬರೆದರೆ ಅದು ನಮ್ಮ ಕಡೆಗೆ ಬರುತ್ತದೆ. ನಾವು ಒಪ್ಪದಿದ್ದರೂ ಆ ಹಕ್ಕಿ ನಿಮ್ಮ ಸ್ವಂತ ಪಟ್ಟಿಯಲ್ಲಿ ಉಳಿದೇ ಇರುತ್ತದೆ, ಸಾರ್ವಜನಿಕ ನಕ್ಷೆಯಲ್ಲಿ ಮಾತ್ರ ಕಾಣಿಸುವುದಿಲ್ಲ.

ಹೆಚ್ಚಿನವರು ಎಡವುವುದು ದಿನಾ ನೋಡುವ ಹಕ್ಕಿಗಳಲ್ಲಿಯೇ. ಬಂದರಿನ ಮೇಲೆ ಸುತ್ತುವ ಗರುಡ ಎಲ್ಲರಿಗೂ ಗೊತ್ತು. ಆದರೆ ಬಿಳಿ ತಲೆಯಾಗಲಿ ಇಟ್ಟಿಗೆ ಬಣ್ಣವಾಗಲಿ ಇನ್ನೂ ಬಾರದ ಅದರ ಕಂದು ಮರಿ ಬೂಟೆಡ್ ಈಗಲ್ ಎಂಬ ಬೇರೊಂದು ಹದ್ದಿನ ಹೆಸರಿನಲ್ಲಿ ನನ್ನ ಬಳಿಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ.

ಮಳೆಗಾಲದ ಕಡಲಹಕ್ಕಿಗಳ ಕಥೆ ಬೇರೆ. (ಕಾರವಾರದಲ್ಲಿ ಸೀಬರ್ಡ್ ಎಂದರೆ ಜನ ಸೀಬರ್ಡ್ ಯೋಜನೆಯ ನೌಕಾನೆಲೆಯ ದಾರಿ ತೋರಿಸುತ್ತಾರೆ ಎಂಬುದು ನಮ್ಮೊಳಗಿನ ಹಳೆಯ ನಗೆಮಾತು.) ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಆಳಕಡಲಿಗೆ ಹೋಗಿ ನೋಡುವವರಿಲ್ಲದ ಹೊತ್ತಿನಲ್ಲಿಯೇ, ಬಿರುಗಾಳಿಗೆ ಸಿಕ್ಕಿ ದಣಿದ ಹಕ್ಕಿಗಳು ದಡಕ್ಕೆ ಬಂದು ಬೀಳುತ್ತವೆ. ಒಂದು ಜುಲೈನಲ್ಲಿ ಮಾಜಾಳಿ ಕಡೆಯಿಂದ ಬಂದ ಚಿತ್ರದಲ್ಲಿ, ಮೀನಿನ ಕ್ರೇಟಿನೊಳಗೆ ತಲೆ ಹುದುಗಿಸಿ ಕುಳಿತ ಕಂದು ಬೆನ್ನಿನ ಬೂಬಿ ಎಂಬ ದೊಡ್ಡ ಕಡಲಹಕ್ಕಿಯೊಂದಿತ್ತು. ಎಳೆಯ ಮಾಸ್ಕ್ಡ್ ಬೂಬಿಗೆ ಕಂದು ತಲೆಗೂ ಕಂದು ಬೆನ್ನಿಗೂ ನಡುವೆ ಕುತ್ತಿಗೆಯ ಸುತ್ತ ಬಿಳಿ ಪಟ್ಟಿಯಿರುತ್ತದೆ. ಬ್ರೌನ್ ಬೂಬಿಗೆ ಅದಿಲ್ಲ, ತಲೆಯ ಕಂದು ಬೆನ್ನಿಗೂ ಎದೆಗೂ ನೇರವಾಗಿ ಇಳಿಯುತ್ತದೆ. ನನಗೆ ಬೇಕಾಗಿದ್ದ ಆ ಎರಡು ಬೆರಳಗಲದ ಜಾಗವೇ ಚಿತ್ರದಲ್ಲಿ ಇರಲಿಲ್ಲ. ಹಕ್ಕಿಯನ್ನು ಅಷ್ಟರಲ್ಲಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿಯೂ ಆಗಿತ್ತು. ನಾನು ಮತ್ತೆ ಕೇಳಿದ್ದಕ್ಕೆ ಕಳಿಸಿದವರು ಬೇಸರಪಟ್ಟುಕೊಂಡರು. ಆದರೂ ನಾಲ್ಕು ದಿನ ಬಿಟ್ಟು, ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ತೆಗೆದ ವಿಡಿಯೋ ಒಂದನ್ನು ಹುಡುಕಿ ಕಳಿಸಿದರು. ಅದರಲ್ಲಿ ಹಕ್ಕಿ ಅರೆಕ್ಷಣ ಕತ್ತು ಚಾಚುತ್ತದೆ, ಬಿಳಿ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಆ ವಿಡಿಯೋ ಸಿಗದಿದ್ದರೆ ಅದು ಬರೀ 'ಬೂಬಿ' ಎಂದೇ ಉಳಿಯುತ್ತಿತ್ತು, ಅದರಲ್ಲಿಯೂ ನಾಚಿಕೆಪಡುವಂಥದ್ದೇನಿಲ್ಲ.

ಪರಿಶೀಲಕರ ದಾಖಲೆಗಳನ್ನು ಯಾರು ನೋಡುತ್ತಾರೆ ಎಂದೂ ಕೇಳುವವರಿದ್ದಾರೆ. ಇತರ ಪರಿಶೀಲಕರು ನೋಡುತ್ತಾರೆ. ಒಂದು ಏಪ್ರಿಲ್ ಕೊನೆಯಲ್ಲಿ ತದಡಿಯ ಹತ್ತಿರ ಕೆಸರಿನ ಮೇಲೆ ಇಟ್ಟಿಗೆಗೆಂಪು ಹೊಟ್ಟೆಯ ಹದಿನಾಲ್ಕು ಹಕ್ಕಿಗಳನ್ನು ಕಂಡು, ಭಾರತದಲ್ಲಿಯೇ ಅಪರೂಪವಾದ ರೆಡ್ ನಾಟ್ ಎಂದು ಸಂಭ್ರಮದಿಂದ ಬರೆದಿದ್ದೆ. ಸಂಜೆಯೊಳಗೆ ಪ್ರಶ್ನೆ ಬಂತು: ಕೊಕ್ಕು ನೋಡಿದಿರಾ? ನನ್ನದೇ ಚಿತ್ರದಲ್ಲಿ ಕೊಕ್ಕು ಉದ್ದವಾಗಿ ಕೆಳಗೆ ಬಾಗಿತ್ತು. ರೆಡ್ ನಾಟ್‌ನದು ಗಿಡ್ಡ, ನೇರ. ಉತ್ತರಕ್ಕೆ ಮರಳುವ ಮುನ್ನ ಕೆಂಪೇರಿದ, ನಮ್ಮ ಅಳಿವೆಗಳಿಗೆ ಹೊಸತಲ್ಲದ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳವು. ಬಣ್ಣ ಕಂಡ ಮೇಲೆ ನಾನು ಕೊಕ್ಕಿನ ಕಡೆ ನೋಡಿರಲೇ ಇಲ್ಲ. ಅಂದು ರಾತ್ರಿಯೇ ಹೆಸರು ತಿದ್ದಿದೆ; ಹದಿನಾಲ್ಕು ಎಂಬ ಸಂಖ್ಯೆಯೊಂದನ್ನು ತಿದ್ದಬೇಕಾಗಿ ಬರಲಿಲ್ಲ.