ಹಳೆಯ ಲೈಫ್‌ರೇ ಪುಸ್ತಕ ಇವತ್ತಿಗೂ ಬೇಕಾ? ಅಧ್ಯಾಯಗಳನ್ನು ಓಡಿಸಿ ನೋಡಿದ ಟಿಪ್ಪಣಿಗಳು

ಲೈಫ್‌ರೇ ಅಂದರೆ ಜಾವಾದಲ್ಲಿ ಬರೆದ ಪೋರ್ಟಲ್ ಸಾಫ್ಟ್‌ವೇರ್: ಲಾಗಿನ್ ಆದವರಿಗೆ ಅವರವರಿಗೆ ತಕ್ಕ ಪುಟ, ಕಾಗದ ತೋರಿಸುವ ವೆಬ್‌ಸೈಟ್ ಕಟ್ಟುವ ಸಾಧನ. ಅದರ 6ನೇ ಆವೃತ್ತಿಯ ಕಾಲದ ಒಂದು ದಪ್ಪ ಪುಸ್ತಕ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರುವುದು 7.4ನೇ ಆವೃತ್ತಿ. ಇಷ್ಟು ಹಳೆಯ ಪುಸ್ತಕ ಹಿಡಿದು ಈಗಿನ ಪೋರ್ಟಲ್ ಕಲಿಯಬಹುದಾ ಅನ್ನುವುದು ಈ ಪ್ರಾಜೆಕ್ಟ್‌ನ ಅರ್ಧ ಭಾಗ. ಇನ್ನರ್ಧ, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾಗದಪತ್ರಗಳನ್ನೆಲ್ಲ ಒಂದು ಕಡೆ ತರುವುದು: ಮಹಾಸಭೆಯ ನಡಾವಳಿ, ನೀರಿನ ಟ್ಯಾಂಕರ್ ಬಿಲ್ಲು, ಸುತ್ತೋಲೆ, ಬಾಕಿ ಪಟ್ಟಿ. ಇಷ್ಟಕ್ಕೆ ಲೈಫ್‌ರೇ ಜಾಸ್ತಿ ಆಯ್ತು ಅನ್ನಿಸಬಹುದು. ಆದರೆ ಯಾರಿಗೆ ಏನು ಕಾಣಬೇಕು ಅನ್ನುವ ತಕರಾರು ಸಣ್ಣ ಸಂಘದಲ್ಲೂ ದೊಡ್ಡ ಕಂಪನಿಯಲ್ಲೂ ಒಂದೇ. ಪೋರ್ಟಲ್ ಹುಟ್ಟಿದ್ದೇ ಆ ತಕರಾರಿಗೆ.

ಈ ಬಗೆಯ ಪುಸ್ತಕಗಳನ್ನು ಮುಖಪುಟದ ಆವೃತ್ತಿ ಸಂಖ್ಯೆ ನೋಡಿ ಅಳೆಯುವುದು ರೂಢಿ. ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಲೈಫ್‌ರೇ 6.0 ಬಂದದ್ದು 2010ರಲ್ಲಿ, 6.1 2012ರಲ್ಲಿ, 6.2 2013ರಲ್ಲಿ, 7.0 2016ರಲ್ಲಿ. 6.0ದಲ್ಲಿ ಕಮ್ಯುನಿಟಿ (ಒಂದು ಗುಂಪಿನ ಪುಟಗಳಿರುವ ಜಾಗ) ಅಂತಿದ್ದದ್ದು 6.1ರಲ್ಲಿ ಸೈಟ್ ಆಯಿತು. ಪುಸ್ತಕದ ಎಷ್ಟೋ ಸ್ಕ್ರೀನ್‌ಶಾಟ್‌ಗಳು ಆಗಲೇ ಹಳತಾದವು. ಬೇರೆ ಪೋರ್ಟಲ್‌ಗಳಲ್ಲಿ ಒಡೆಯರೇ ಬದಲಾದರು. ವೆಬ್‌ಲಾಜಿಕ್ ಪೋರ್ಟಲ್ ಮಾಡುತ್ತಿದ್ದ ಬಿಇಎ ಕಂಪನಿ 2008ರಲ್ಲಿ ಒರಾಕಲ್ ಪಾಲಾಯಿತು. ಐಬಿಎಂ ವೆಬ್‌ಸ್ಫಿಯರ್ ಪೋರ್ಟಲ್ 2019ರಲ್ಲಿ ಎಚ್‌ಸಿಎಲ್ ಕೈಗೆ ಹೋಯಿತು. ಜೆಬಾಸ್ ಪೋರ್ಟಲ್ ಗೇಟ್‌ಇನ್ ಆಗಿ ಮಾರ್ಪಟ್ಟಿತು.

ಆದರೆ ಇದರ ಅಡಿಯಲ್ಲಿ ಇನ್ನೊಂದು ಪದರ ಇದೆ, ಅದು ನಿಧಾನವಾಗಿ ಬದಲಾಗುತ್ತದೆ. ಪೋರ್ಟಲ್ ಪುಟದಲ್ಲಿ ಕೂರುವ ಪುಟ್ಟ ಪುಟ್ಟ ಆಪ್‌ಗಳಿಗೆ ಪೋರ್ಟ್‌ಲೆಟ್ ಅನ್ನುತ್ತಾರೆ. ಅವುಗಳ ಜಾವಾ ಮಾನದಂಡ ಜೆಎಸ್‌ಆರ್ 168 ಬಂದದ್ದು 2003ರಲ್ಲಿ, ಎರಡನೆಯದು ಜೆಎಸ್‌ಆರ್ 286 2008ರಲ್ಲಿ, ಮೂರನೆಯದು ಜೆಎಸ್‌ಆರ್ 362 2017ರಲ್ಲಿ. ಹದಿನಾಲ್ಕು ವರ್ಷದಲ್ಲಿ ಮೂರೇ ಸಲ. ಹಾಗಾಗಿ ಪುಸ್ತಕ ಯಾವ ಆವೃತ್ತಿಯದು ಅನ್ನುವುದಕ್ಕಿಂತ, ಯಾವ ಪದರದ ಬಗ್ಗೆ ಎಷ್ಟು ಪುಟ ಕೊಟ್ಟಿದೆ ಅಂತ ನೋಡೋಣ ಅನ್ನಿಸಿತು. ಒಂದೊಂದು ಅಧ್ಯಾಯವನ್ನೂ 7.4ರ ಮೇಲೆ ಓಡಿಸುತ್ತಾ ಹೋಗುತ್ತಿದ್ದೇನೆ.

ಮೊದಲು ಪದಸೂಚಿ

ಪುಸ್ತಕ ಕೈಗೆ ಬಂದ ಸಂಜೆ ಮೊದಲ ಅಧ್ಯಾಯ ತೆರೆಯಲೇ ಇಲ್ಲ. ಕೊನೆಯ ಪದಸೂಚಿಗೆ ಹೋದೆ. ಅನುಮತಿ, ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾದ ತಾತ್ಕಾಲಿಕ ಸಂಗ್ರಹ), ಅಪ್‌ಗ್ರೇಡ್, ಬ್ಯಾಕಪ್ ಈ ನಾಲ್ಕನ್ನು ಹುಡುಕಿದೆ. ಅನುಮತಿಗೆ ಸಾಲುಸಾಲು ಪುಟ ಸಂಖ್ಯೆಗಳಿವೆ. ಕ್ಯಾಶ್‌ಗೆ ಒಂದಿಷ್ಟು ಇವೆ. ಅಪ್‌ಗ್ರೇಡ್ ಒಂದೇ ಕಡೆ. ಬ್ಯಾಕಪ್ ಇಲ್ಲವೇ ಇಲ್ಲ.

ಪುಸ್ತಕ ಬರೆದವರು ಪೋರ್ಟಲ್ ಅನ್ನು ಕಟ್ಟಿದವರೋ, ಕಟ್ಟಿ ನಡೆಸಿದವರೋ ಅನ್ನುವುದು ಇಲ್ಲೇ ಗೊತ್ತಾಗಿಬಿಡುತ್ತದೆ. ಇವರು ಕಟ್ಟುವವರು, ಅಂದರೆ ಡೆವಲಪರ್‌ಗಳು. ಅದೇನೂ ದೋಷವಲ್ಲ. ಸರ್ವರ್ ನಡೆಸುವ ಬುದ್ಧಿಯನ್ನು ಈ ಪುಸ್ತಕದಿಂದ ನಿರೀಕ್ಷಿಸಬಾರದು, ಅಷ್ಟೇ.

ಇನ್‌ಸ್ಟಾಲ್ ಅಧ್ಯಾಯ

ಇದನ್ನು ದಾಟಿಬಿಡಬಹುದು. ಜಿಪ್ ಫೈಲ್ ಬಿಚ್ಚು, ಟಾಮ್‌ಕ್ಯಾಟ್ ಸರ್ವರ್ ಶುರು ಮಾಡು, ವಿಝಾರ್ಡ್‌ನಲ್ಲಿ ಮುಂದೆ ಮುಂದೆ ಒತ್ತು. ಈಗ ಡಾಕರ್ ಇಮೇಜ್ (ಬೇಕಾದ್ದೆಲ್ಲ ಸೇರಿಸಿ ಕಟ್ಟಿಟ್ಟ ಪೊಟ್ಟಣ) ಇಳಿಸಿಕೊಂಡು, ಅದಕ್ಕೆ 8 ಜಿಬಿ ಮೆಮೊರಿ ಕೊಟ್ಟು, 8080 ಪೋರ್ಟ್ ತೆರೆದರೆ ಕೆಲಸ ಮುಗಿಯಿತು. ಒಂದು ಮಾತು ಮಾತ್ರ ಪುಸ್ತಕದಲ್ಲೂ ಸರಿಯಾಗಿದೆ, ಈಗಲೂ ಸರಿ: ಜೊತೆಗೆ ಬರುವ ಹೈಪರ್‌ಸಾನಿಕ್ ಡೇಟಾಬೇಸ್ ಡೆಮೊಗೆ ಮಾತ್ರ. ಮೊದಲ ದಿನವೇ ಪೋಸ್ಟ್‌ಗ್ರೆಸ್‌ಗೆ ಬದಲಾಯಿಸಿಕೊಂಡೆ.

ಪೋರ್ಟ್‌ಲೆಟ್ ಅಧ್ಯಾಯ

ಪುಸ್ತಕದ ಬೆಲೆ ಇಲ್ಲಿಂದ ಏರತೊಡಗಿತು.

ಒಂದು ಪುಟದಲ್ಲಿ ಐದು ಪೋರ್ಟ್‌ಲೆಟ್‌ಗಳಿವೆ ಅಂದುಕೊಳ್ಳಿ. ಒಂದರಲ್ಲಿ ಫಾರ್ಮ್ ತುಂಬಿ ಸೇವ್ ಒತ್ತುತ್ತೀರಿ. ಆಗ ಆ ಒಂದು ಪೋರ್ಟ್‌ಲೆಟ್‌ನ ಆಕ್ಷನ್ ಹಂತ ಓಡುತ್ತದೆ, ಒಂದೇ ಸಲ. ಅದು ಮುಗಿದ ಮೇಲೆ ಐದೂ ಪೋರ್ಟ್‌ಲೆಟ್‌ಗಳು ತಂತಮ್ಮ ರೆಂಡರ್ ಹಂತ ನಡೆಸಿ ಪುಟ ಕಟ್ಟುತ್ತವೆ. ಈ ಎರಡು ಹಂತ ಯಾಕೆ ಬೇರೆ ಬೇರೆ ಅನ್ನುವುದನ್ನು ಪುಸ್ತಕ ಅವಸರ ಮಾಡದೆ, ಚಿತ್ರ ಬರೆದು ಹೇಳುತ್ತದೆ. ಡೇಟಾಬೇಸ್‌ಗೆ ಬರೆಯುವ ಕೋಡ್ ಅನ್ನು ರೆಂಡರ್‌ನಲ್ಲಿ ಇಟ್ಟರೆ, ಪಕ್ಕದ ಪೋರ್ಟ್‌ಲೆಟ್‌ನಲ್ಲಿ ಯಾರೋ ಏನೋ ಒತ್ತಿದಾಗಲೂ ನಿಮ್ಮದು ಮತ್ತೆ ಬರೆಯುತ್ತದೆ. ಎರಡೂ ಹಂತಗಳಲ್ಲಿ ಒಂದೊಂದು ಲಾಗ್ ಸಾಲು ಹಾಕಿ 7.4ರಲ್ಲಿ ನೋಡಿದೆ. ಪುಸ್ತಕ ಹೇಳಿದ ಕ್ರಮದಲ್ಲೇ ಬಂದವು. ಫೈಲ್ ಇಳಿಸಿಕೊಳ್ಳುವಂಥ ಕೆಲಸಕ್ಕೆ ಜೆಎಸ್‌ಆರ್ 286ರಲ್ಲಿ ರಿಸೋರ್ಸ್ ಹಂತ ಸೇರಿದ್ದು ಯಾಕೆ ಅನ್ನುವುದೂ ಇದರ ಬೆನ್ನಲ್ಲೇ ತಾನಾಗಿ ಅರ್ಥವಾಗುತ್ತದೆ.

ಬರೆಯುವ ರೀತಿ ಮಾತ್ರ ಪೂರ್ತಿ ಬದಲಾಗಿದೆ. ಪುಸ್ತಕದಲ್ಲಿ ಪ್ರತಿ ಪೋರ್ಟ್‌ಲೆಟ್‌ಗೂ ಮೂರು ಎಕ್ಸ್‌ಎಂಎಲ್ ಫೈಲ್ ತುಂಬಿಸುತ್ತಾರೆ. ಈಗ ಜಾವಾ ಕ್ಲಾಸಿನ ತಲೆಯ ಮೇಲೆ ಕಾಂಪೊನೆಂಟ್ ಅನೋಟೇಶನ್ ಅನ್ನುವ ಗುರುತು ಬರೆದು, ಅದರೊಳಗೆ ಹೆಸರು, ವರ್ಗ, ಜೆಎಸ್‌ಪಿ (ಪುಟದ ರೂಪ ಬರೆದಿಡುವ ಫೈಲ್) ಇರುವ ದಾರಿ ಕೊಟ್ಟರೆ ಮುಗಿಯಿತು. 7.0ದಲ್ಲಿ ಕೋಡನ್ನು ಬಿಡಿ ಬಿಡಿ ತುಂಡುಗಳಾಗಿ ಜೋಡಿಸುವ ಓಎಸ್‌ಜಿಐ ಮಾಡ್ಯೂಲ್ ಪದ್ಧತಿ ಬಂದಾಗ ಆದ ಬದಲಾವಣೆ ಇದು. ಪುಸ್ತಕ ನಂಬಿಕೊಂಡಿರುವ, ಆಂಟ್ ಅನ್ನುವ ಬಿಲ್ಡ್ ಸಾಧನದ ಮೇಲೆ ನಿಂತ ಪ್ಲಗಿನ್ಸ್ ಎಸ್‌ಡಿಕೆ ಹೋಗಿ, ಗ್ರೇಡಲ್ ಅನ್ನುವ ಬೇರೆ ಬಿಲ್ಡ್ ಸಾಧನದ ವರ್ಕ್‌ಸ್ಪೇಸ್ ಬಂದಿದೆ. ಹಾಗಾಗಿ ಪುಸ್ತಕದ ಕಮಾಂಡ್‌ಗಳಲ್ಲಿ ಒಂದೂ ಹಾಗೇ ಓಡುವುದಿಲ್ಲ. ನಾನು ಓದಿ, ಪುಸ್ತಕ ಮುಚ್ಚಿ, ಅದೇ ಪೋರ್ಟ್‌ಲೆಟ್ ಅನ್ನು ಹೊಸ ರೀತಿಯಲ್ಲಿ ಬರೆಯುತ್ತಿದ್ದೇನೆ. ಕಲಿಯುವವರಿಗೆ ಇದು ನಿಜಕ್ಕೂ ಒಳ್ಳೆಯ ಅಭ್ಯಾಸ. ನಕಲು ಹೊಡೆಯಲು ದಾರಿಯೇ ಇರುವುದಿಲ್ಲ.

ಸರ್ವಿಸ್ ಬಿಲ್ಡರ್

ಎಕ್ಸ್‌ಎಂಎಲ್‌ನಲ್ಲಿ ಬರೆದ ವಿವರಣೆಯಿಂದ ಡೇಟಾಬೇಸ್ ಟೇಬಲ್, ಅದನ್ನು ಓದಿ ಬರೆಯುವ ಜಾವಾ ಕೋಡ್ ಎರಡನ್ನೂ ಹುಟ್ಟಿಸುವ ಸಾಧನ ಇದು. ಟ್ಯಾಂಕರ್ ಬಿಲ್ಲಿಗೆ ಒಂದು ಎಂಟಿಟಿ (ಟೇಬಲ್‌ನಲ್ಲಿ ಇಡುವ ದಾಖಲೆಯ ಬಗೆ) ಮಾಡಿದೆ: ದಿನಾಂಕ, ಮೊತ್ತ, ಸರಬರಾಜುದಾರ, ಪಾವತಿ ಆಯ್ತಾ ಇಲ್ವಾ. ಪುಸ್ತಕದ ಸರ್ವಿಸ್ ಎಕ್ಸ್‌ಎಂಎಲ್ ಮಾದರಿಯನ್ನೇ ಇಟ್ಟುಕೊಂಡು, ಮೇಲಿನ ಡಿಟಿಡಿ (ಎಕ್ಸ್‌ಎಂಎಲ್‌ನ ನಿಯಮಪಟ್ಟಿ) ಆವೃತ್ತಿ ಮತ್ತು ಪ್ಯಾಕೇಜ್ ಹೆಸರು ತಿದ್ದಿದೆ. ಕಾಲಂಗಳು, ಫೈಂಡರ್‌ಗಳು (ದಾಖಲೆ ಹುಡುಕುವ ವಿಧಾನಗಳು) ಎಲ್ಲ ಅದೇ ವ್ಯಾಕರಣದಲ್ಲಿ ನಡೆದವು. ಜಾವಾ ಕೋಡ್‌ನಲ್ಲಿ ಇಂಪೋರ್ಟ್ ಸಾಲುಗಳು ಕೆಂಪಾದವು, ಯಾಕೆಂದರೆ 7.0ದಲ್ಲಿ ಬಹಳಷ್ಟು ಕ್ಲಾಸುಗಳು ಕರ್ನಲ್ ಅನ್ನುವ ಪ್ಯಾಕೇಜಿನೊಳಗೆ ಹೋದವು. ಐಡಿಇ (ಕೋಡ್ ಬರೆಯುವ ತಂತ್ರಾಂಶ) ಸೂಚಿಸಿದ್ದನ್ನು ಒಪ್ಪಿಕೊಂಡು ಮುಂದೆ ಹೋದರೆ ಸಾಕು.

ಈ ಅಧ್ಯಾಯದ ಅಸಲು ಲಾಭ ಬೇರೆ ಕಡೆ ಇದೆ. ಸರ್ವಿಸ್ ಬಿಲ್ಡರ್ ಎರಡು ಬಗೆಯ ಸರ್ವಿಸ್ ಹುಟ್ಟಿಸುತ್ತದೆ, ಲೋಕಲ್ ಮತ್ತು ರಿಮೋಟ್. ಹೆಸರು ನೋಡಿದರೆ ಒಂದೇ ಸರ್ವರ್‌ನೊಳಗೆ ಕರೆಯುವುದು ಲೋಕಲ್, ಹೊರಗಿಂದ ಕರೆಯುವುದು ರಿಮೋಟ್ ಅಂತ ತಿಳಿದುಕೊಳ್ಳುವುದು ಸಹಜ. ಆದರೆ ವ್ಯತ್ಯಾಸ ಅಷ್ಟೇ ಅಲ್ಲ. ಪುಸ್ತಕ ಇದಕ್ಕಾಗಿ ಒಂದು ಪ್ಯಾರಾ ಪೂರ್ತಿ ಇಟ್ಟಿದೆ: ಅನುಮತಿ ತಪಾಸಣೆ ರಿಮೋಟ್ ಪದರದಲ್ಲಿ ನಡೆಯಬೇಕು, ಲೋಕಲ್ ಯಾರನ್ನೂ ಏನನ್ನೂ ಕೇಳುವುದಿಲ್ಲ. ಬಾಕಿ ಪಟ್ಟಿಯಂಥದ್ದನ್ನು ಪೋರ್ಟ್‌ಲೆಟ್‌ನಿಂದ ನೇರವಾಗಿ ಲೋಕಲ್ ಸರ್ವಿಸ್ ಮೂಲಕ ತಂದು ತೋರಿಸಿದರೆ, ಅನುಮತಿ ಎಷ್ಟೇ ಬಿಗಿಯಾಗಿದ್ದರೂ ಎಲ್ಲರಿಗೂ ಕಂಡುಬಿಡುತ್ತದೆ. ಈ ಪ್ಯಾರಾಗೆ ನಾನು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ.

ಅನುಮತಿಗಳು: ಇಲ್ಲೇ ಜಾಸ್ತಿ ಹೊತ್ತು ಕೂತೆ

ಸಂಘದ ಖಜಾಂಚಿ ಮೇಡಂಗೆ ಡೆಮೊ ತೋರಿಸಿದಾಗ ಅವರು ಮೊದಲು ಕೇಳಿದ್ದೇ ಇದನ್ನು.

"ಬಿಲ್ಲೆಲ್ಲ ಸದಸ್ಯರಿಗೆ ಕಾಣಲಿ ಸರ್, ಬೇಡ ಅನ್ನಲ್ಲ. ಆದ್ರೆ ಯಾರು ಬಾಕಿ ಇಟ್ಕೊಂಡಿದಾರೆ ಅನ್ನೋ ಪಟ್ಟಿ ಕಮಿಟಿಗೆ ಮಾತ್ರ. ಆಗತ್ತಲ್ವಾ?"

"ಆಗತ್ತೆ ಮೇಡಂ. ಮಾಡಿ ತೋರಿಸ್ತೀನಿ."

ಪುಸ್ತಕ ತೆರೆದೆ. ಅನುಮತಿ ಅಧ್ಯಾಯದ ಶುರುವಿನಲ್ಲೇ ಬೇಕಾದ ಉತ್ತರ ಇತ್ತು. ಲೈಫ್‌ರೇಯಲ್ಲಿ ಬೇಡ ಅನ್ನುವ ಅನುಮತಿ ಇಲ್ಲ, ಕೊಡುವುದು ಮಾತ್ರ ಇದೆ. ಅನುಮತಿ ಕೊಡುವುದು ರೋಲ್‌ಗೆ, ಅಂದರೆ ಪಾತ್ರಕ್ಕೆ. ಒಬ್ಬರಿಗೆ ನಾಲ್ಕು ರೋಲ್ ಇದ್ದರೆ ನಾಲ್ಕರದ್ದೂ ಕೂಡಿಕೊಳ್ಳುತ್ತದೆ. ಹಾಗಾಗಿ ಇಂಥವರಿಗೆ ಕಾಣಬಾರದು ಅಂತ ಯೋಚಿಸಲು ಹೊರಟರೆ ದಾರಿ ಸಿಗುವುದಿಲ್ಲ. ಯಾರಿಗೆ ಕಾಣಬೇಕು ಅಂತಲೇ ಶುರು ಮಾಡಬೇಕು. ಬಾಕಿ ಪಟ್ಟಿಯ ಫೋಲ್ಡರ್‌ನಲ್ಲಿ ಅತಿಥಿ ಮತ್ತು ಸೈಟ್ ಸದಸ್ಯ ರೋಲ್‌ಗಳ ನೋಡುವ ಅನುಮತಿ ತೆಗೆದೆ. ಕಮಿಟಿ ಅಂತ ಹೊಸ ರೋಲ್ ಮಾಡಿ ಅದಕ್ಕೆ ಕೊಟ್ಟೆ. ಅದು ಸೈಟ್ ರೋಲ್ ಆಗಿರಬೇಕು, ರೆಗ್ಯುಲರ್ ರೋಲ್ ಅಲ್ಲ. ರೆಗ್ಯುಲರ್ ರೋಲ್ ಇಡೀ ಪೋರ್ಟಲ್‌ಗೆ ಅನ್ವಯಿಸುತ್ತದೆ, ಸೈಟ್ ರೋಲ್ ಆ ಸೈಟಿನೊಳಗೆ ಮಾತ್ರ. ನಾಳೆ ಪಕ್ಕದ ಬಡಾವಣೆಯವರು ಇದರಲ್ಲೇ ತಮ್ಮ ಸೈಟ್ ಮಾಡಿಕೊಂಡರೆ, ನಮ್ಮ ಕಮಿಟಿಯವರು ಅಲ್ಲಿ ಇಣುಕುವಂತಾಗಬಾರದು.

ತೆರೆಯ ಮೇಲೆ ಟಿಕ್ ತೆಗೆದದ್ದು ಒಳಗೆ ನಿಜವಾಗಿ ಎಲ್ಲಿ ಹೋಯಿತು? ಪುಸ್ತಕ ಇದನ್ನೂ ವಿವರಿಸುತ್ತದೆ ಅನ್ನುವುದೇ ನನಗೆ ಖುಷಿ ಕೊಟ್ಟದ್ದು. ರಿಸೋರ್ಸ್ ಪರ್ಮಿಶನ್ ಅನ್ನುವ ಟೇಬಲ್ ಇದೆ. ಒಂದು ರೋಲ್, ಒಂದು ವಸ್ತು, ಒಂದು ಸಾಲು. ಸ್ಕೋಪ್ ಅನ್ನುವ ಕಾಲಂನಲ್ಲಿ 1 ಇದ್ದರೆ ಇಡೀ ಪೋರ್ಟಲ್ ಇನ್‌ಸ್ಟನ್ಸ್, 2 ಇದ್ದರೆ ಒಂದು ಸೈಟ್, 4 ಇದ್ದರೆ ಆ ಒಂದೇ ವಸ್ತು. ಅನುಮತಿಗಳೆಲ್ಲ ಆಕ್ಷನ್ ಐಡಿಸ್ ಅನ್ನುವ ಒಂದೇ ಸಂಖ್ಯೆಯಲ್ಲಿ ಕೂತಿರುತ್ತವೆ. ಪ್ರತಿ ಕ್ರಿಯೆಗೂ ಒಂದು ಬಿಟ್: ನೋಡುವುದಕ್ಕೆ 1, ಮಿಕ್ಕವಕ್ಕೆ 2, 4, 8, ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ನೋಡುವುದು ಮತ್ತು 4ರ ಕ್ರಿಯೆ ಎರಡೂ ಇದ್ದರೆ ಅಲ್ಲಿ 5 ಅಂತ ಇರುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಆ ಫೋಲ್ಡರ್‌ನ ಐಡಿ ಹಾಕಿ ಕ್ವೆರಿ ಮಾಡಿದೆ. ಸೈಟ್ ಸದಸ್ಯ ರೋಲ್‌ನ ಸಾಲಿನಲ್ಲಿ ಮೊದಲು ಬೆಸ ಸಂಖ್ಯೆ ಇತ್ತು, ಟಿಕ್ ತೆಗೆದ ಮೇಲೆ ಸರಿಯಾಗಿ ಒಂದು ಕಡಿಮೆಯಾಗಿ ಸಮಸಂಖ್ಯೆ ಆಗಿತ್ತು. ಬೆಸ ಇದ್ದರೆ ಕಾಣುತ್ತದೆ, ಸಮ ಇದ್ದರೆ ಕಾಣುವುದಿಲ್ಲ. 2010ರ ಕಾಲದ ವಿವರಣೆ ಇವತ್ತಿನ ಡೇಟಾಬೇಸ್‌ನಲ್ಲಿ ಹಾಗೇ ನಿಂತಿದೆ. ಹೊಸದಾಗಿ ನೋಡುವ ಅನುಮತಿಗೆ ಪ್ರತ್ಯೇಕ ಕಾಲಂ ಒಂದು ಸೇರಿದೆ, ವಸ್ತುವಿನ ಕ್ಲಾಸ್ ಹೆಸರು ಬದಲಾಗಿದೆ. ಮಿಕ್ಕದ್ದೆಲ್ಲ ಅದೇ. ಈ ಒಂದು ಅಧ್ಯಾಯಕ್ಕೇ ನಾನು ಕೊಟ್ಟ ದುಡ್ಡು ವಸೂಲಾಯಿತು.

ಪುಸ್ತಕದಲ್ಲಿ ಸಿಗದ ಒಂದು ವಿಷಯ ಪೋರ್ಟಲ್ ಪ್ರಾಪರ್ಟೀಸ್ ಅನ್ನುವ ಸೆಟ್ಟಿಂಗ್ ಫೈಲ್‌ನಲ್ಲಿ ಸಿಕ್ಕಿತು. ಒಳಗಿನ ಫೈಲ್ ಕಾಣಬೇಕಾದರೆ ಮೇಲಿನ ಫೋಲ್ಡರ್ ನೋಡುವ ಅನುಮತಿಯೂ ಇರಬೇಕು, ಡಿಫಾಲ್ಟ್ ಆಗಿಯೇ ಹೀಗೆ. ಆದ್ದರಿಂದ ಪಟ್ಟಿಯ ಒಂದೊಂದು ಫೈಲಿಗೂ ಬೇರೆ ಬೇರೆ ಟಿಕ್ ತೆಗೆಯುವ ಅಗತ್ಯ ಬೀಳಲಿಲ್ಲ.

ಥೀಮ್, ಸರ್ಚ್

ಥೀಮ್ ಅಧ್ಯಾಯ ಬಿಟ್ಟುಬಿಡಿ. ಅದು ನಿಂತಿರುವುದು ಅಲಾಯ್ ಯುಐ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಮೇಲೆ, ಅಲಾಯ್ ನಿಂತದ್ದು ಯಾಹೂನ ವೈಯುಐ ಮೇಲೆ. ಯಾಹೂ 2014ರಲ್ಲಿ ವೈಯುಐ ಕೆಲಸವನ್ನೇ ನಿಲ್ಲಿಸಿತು.

ಸರ್ಚ್ ಅಧ್ಯಾಯವೂ ಹಾಗೇ. ಆಗ ಲ್ಯೂಸೀನ್ ಅನ್ನುವ ಹುಡುಕು ಲೈಬ್ರರಿ ಪೋರ್ಟಲ್‌ನೊಳಗೇ ಇತ್ತು, 7ರಿಂದ ಇಲಾಸ್ಟಿಕ್‌ಸರ್ಚ್ ಬಂದಿದೆ. ನಮಗೆ ಇಲ್ಲಿ ಬೇರೆಯದೇ ಕೊರತೆ ಇದೆ. ಇಲಾಸ್ಟಿಕ್‌ಸರ್ಚ್‌ನಲ್ಲಿ ಹಿಂದಿಗೆ, ಬಂಗಾಳಿಗೆ ಸಿದ್ಧ ಅನಲೈಸರ್ (ಪದ ಬಿಡಿಸಿ ಮೂಲರೂಪಕ್ಕೆ ತರುವ ಸಾಧನ) ಇದೆ, ಕನ್ನಡಕ್ಕೆ ಇಲ್ಲ. ಸಾಮಾನ್ಯ ಅನಲೈಸರ್ ಪದಗಳನ್ನು ಸರಿಯಾಗಿ ಬಿಡಿಸುತ್ತದೆ, ಆದರೆ ಪ್ರತ್ಯಯ ಕಳಚುವುದಿಲ್ಲ. ಸಭೆ, ಸಭೆಯಲ್ಲಿ, ಸಭೆಗೆ ಮೂರೂ ಅದಕ್ಕೆ ಬೇರೆ ಬೇರೆ ಪದ. ನಡಾವಳಿಗಳಲ್ಲಿ ಹುಡುಕುವಾಗ ಇದು ನಿಜವಾಗಿ ತೊಂದರೆ ಕೊಡುತ್ತದೆ. ಸದ್ಯಕ್ಕೆ ಪ್ರತಿ ಫೈಲಿಗೂ ಕೈಯಾರೆ ಟ್ಯಾಗ್ ಹಾಕುತ್ತಿದ್ದೇನೆ.

ಬ್ಯಾಕಪ್

ಪದಸೂಚಿಯಲ್ಲಿ ಇಲ್ಲದ್ದು ಪುಸ್ತಕದೊಳಗೂ ಇಲ್ಲ. ಎಂಟರ್‌ಪ್ರೈಸ್ ಅಂತ ಕರೆಸಿಕೊಳ್ಳುವ ಸಾಫ್ಟ್‌ವೇರ್‌ನ ಪುಸ್ತಕದಲ್ಲಿ ಇದು ದೊಡ್ಡ ಕೊರತೆ ಅಂತ ನಾನು ಹೇಳುತ್ತೇನೆ. ಯಾಕೆ ಅಂದರೆ, ಮಹಾಸಭೆ ನಡಾವಳಿ ಅನ್ನುವ ಪಿಡಿಎಫ್ ಏರಿಸಿ, ಆಮೇಲೆ ಡಿಸ್ಕ್‌ನಲ್ಲಿ ಡಾಕ್ಯುಮೆಂಟ್ ಲೈಬ್ರರಿ ಫೋಲ್ಡರ್ ತೆರೆದು ನೋಡಿ. ಆ ಹೆಸರು ಎಲ್ಲೂ ಕಾಣುವುದಿಲ್ಲ. ಅಂಕಿಗಳ ಹೆಸರಿನ ಫೋಲ್ಡರ್ ಒಳಗೆ ಅಂಕಿಗಳ ಫೋಲ್ಡರ್, ಕೊನೆಗೆ 1.0 ಅನ್ನುವ ಆವೃತ್ತಿ. ಹೆಸರು, ಯಾರು ಏರಿಸಿದರು, ಯಾರಿಗೆ ಕಾಣಬೇಕು ಎಲ್ಲ ಡೇಟಾಬೇಸ್‌ನಲ್ಲಿದೆ. ಡೇಟಾಬೇಸ್ ಮಾತ್ರ ಉಳಿಸಿಕೊಂಡರೆ ಹೆಸರಿದೆ, ಕಾಗದ ಇಲ್ಲ. ಡಿಸ್ಕ್ ಮಾತ್ರ ಉಳಿಸಿಕೊಂಡರೆ ಕಾಗದ ಇದೆ, ಯಾವುದು ಏನು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೇ ತೆಗೆಯಬೇಕು. ಪೋರ್ಟಲ್ ನಿಲ್ಲಿಸಿ ಎರಡನ್ನೂ ನಕಲು ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದು ರಾತ್ರಿ ಹೊತ್ತು ಓಡಲು ಬಿಟ್ಟಿದ್ದೇನೆ. ಇನ್ನೊಂದು ಯಂತ್ರದಲ್ಲಿ ಅದರಿಂದ ಪೋರ್ಟಲ್ ಎಬ್ಬಿಸಿ ನೋಡಿದೆ, ಬಾಕಿ ಪಟ್ಟಿಯ ಅನುಮತಿ ಸಮೇತ ಎದ್ದಿತು.

ಯಾರು ಕೊಳ್ಳಬೇಕು

ಪೋರ್ಟ್‌ಲೆಟ್, ಸರ್ವಿಸ್ ಬಿಲ್ಡರ್, ಅನುಮತಿ ಈ ಮೂರರ ಒಳಗುಟ್ಟು ಬೇಕಾದವರು ಸೆಕೆಂಡ್‌ಹ್ಯಾಂಡ್ ಬೆಲೆಗೆ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಹೊಸ ಪುಸ್ತಕದ ಬೆಲೆ ಕೇಳಿದರೆ ಬೇಡ. ಜಾವಾ ಗೊತ್ತಿಲ್ಲದೆ ತೆರೆಯಲ್ಲೇ ಸೈಟ್ ಕಟ್ಟುವವರಿಗೆ ಇದು ಗೊಂದಲ ಮಾಡುತ್ತದೆ, ಹೇಳಿದ ಬಟನ್ ಹೇಳಿದ ಜಾಗದಲ್ಲಿ ಇರುವುದಿಲ್ಲ. ನಾಳೆ ಬೆಳಿಗ್ಗೆ ಆಫೀಸಿನಲ್ಲಿ 7.4 ಅಪ್‌ಗ್ರೇಡ್ ಮಾಡಬೇಕಾದವರು ಅಧಿಕೃತ ದಾಖಲೆಯನ್ನೇ ಓದಬೇಕು.

ಉಳಿದಿರುವುದು ವರ್ಕ್‌ಫ್ಲೋ ಅಧ್ಯಾಯ. ಸುತ್ತೋಲೆಯನ್ನು ಕಾರ್ಯದರ್ಶಿ ಬರೆದರೆ ಅಧ್ಯಕ್ಷರು ಒಪ್ಪಿದ ಮೇಲಷ್ಟೇ ಸದಸ್ಯರಿಗೆ ಕಾಣಬೇಕು ಅಂತ ಸಂಘದವರು ಕೇಳಿದ್ದಾರೆ. ಲೈಫ್‌ರೇಯ ಕಲೇಯೊ (Kaleo) ವರ್ಕ್‌ಫ್ಲೋ ಎಂಜಿನ್‌ನ ಸಿಂಗಲ್ ಅಪ್ರೂವರ್ (ಒಬ್ಬರು ಒಪ್ಪಿದರೆ ಸಾಕು ಅನ್ನುವ ಮಾದರಿ) ಇದಕ್ಕೆ ಹೆಚ್ಚುಕಡಿಮೆ ಸಾಕು. ಅಧ್ಯಕ್ಷರು ಊರಲ್ಲಿ ಇಲ್ಲದಿದ್ದರೆ ಉಪಾಧ್ಯಕ್ಷರಿಗೆ ಹೋಗುವ ಹಾಗೆ ಒಂದು ಟಾಸ್ಕ್ (ಮಾಡಬೇಕಾದ ಕೆಲಸ), ಒಂದು ಟ್ರಾನ್ಸಿಶನ್ (ಮುಂದಿನ ಹಂತಕ್ಕೆ ದಾರಿ) ಸೇರಿಸಬೇಕು. ಪುಸ್ತಕದಲ್ಲಿ ಕೊಟ್ಟಿರುವ ಎಕ್ಸ್‌ಎಂಎಲ್ ಅನ್ನು ಮುಂದಿನ ವಾರಾಂತ್ಯ 7.4ಕ್ಕೆ ಏರಿಸಿ ನೋಡುತ್ತೇನೆ.